ಚಿಮ್ಮನಚೋಡದ ಕುಲುಮೆಯಲ್ಲಿ ಒಂದು ಚಾಕು

ಚಿಂಚೋಳಿ ತಾಲ್ಲೂಕಿನ ನಕಾಶೆಯಲ್ಲಿ ಮುಲ್ಲಾಮಾರಿ ನದಿಯ ಗೆರೆಯ ಮೇಲೆ ಬೆರಳಾಡಿಸುತ್ತ ಹೋದರೆ ಚಿಮ್ಮನಚೋಡ ಸಿಗುತ್ತದೆ. ಬಸವಕಲ್ಯಾಣದ ಕಡೆಯಿಂದ ಹರಿದು ಬರುವ ಈ ನದಿ ಮುಂದೆ ಕಾಗಿಣೆಯನ್ನು ಸೇರುತ್ತದೆ, ಕಾಗಿಣೆ ಭೀಮೆಯನ್ನು. ಬೇಸಿಗೆಯಲ್ಲಿ ನೋಡಿದವರಿಗೆ ಇದೂ ಒಂದು ನದಿಯೇ ಎನ್ನಿಸೀತು. ಮಳೆಗಾಲದಲ್ಲಿ ನಾಗರಾಳ ಜಲಾಶಯದ ಬಾಗಿಲು ತೆರೆದಾಗ ಮಾತ್ರ ಕೆಳಗಿನ ಸಣ್ಣ ಸೇತುವೆಗಳು ನೀರಿನೊಳಗೆ ಹೋಗಿ, ಈಚೆ ದಡದ ಹುಡುಗರು ಶಾಲೆಗೆ ಬಾರದೆ ಉಳಿಯುತ್ತಾರೆ. ಸುತ್ತ ಎಲ್ಲ ಕಡೆ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತಲ್ಲ, ಆ ತೊಗರಿಯೇ. ನಡುನಡುವೆ ಹೆಸರು, ಉದ್ದು, ಜೋಳ, ಕುಸುಬೆ.

ಪ್ರವಾಸಿಗರು ಇಲ್ಲಿ ಇಳಿಯುವುದಿಲ್ಲ. ಅವರು ಚಂದ್ರಂಪಳ್ಳಿ ಜಲಾಶಯಕ್ಕೆ, ಎತ್ತಿಪೋತ ಜಲಪಾತಕ್ಕೆ, ಗೊಟ್ಟಂಗೊಟ್ಟದ ಕಾಡಿಗೆ ಹೋಗುವವರು. ವಿಜ್ಞಾನ ಕಲಿಸುವ ನನ್ನಂಥವನಿಗೆ ಮಾತ್ರ ಈ ಊರಿನಲ್ಲಿ ನೋಡಲೇಬೇಕಾದ ಜಾಗವೊಂದಿದೆ. ಅದು ತಗಡಿನ ಸೂರಿನ ಕೆಳಗಿನ ಕುಲುಮೆ. ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದ ಎಷ್ಟೋ ಪಾಠಗಳು ಅಲ್ಲಿ ದಿನವೂ ಕಣ್ಣೆದುರಿಗೆ ನಡೆಯುತ್ತವೆ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಮಿಶ್ರಲೋಹದ ಬಗ್ಗೆ ಇರುವುದು ಕೆಲವೇ ಸಾಲು. ಅದನ್ನು ಎಷ್ಟು ಸಲ ಓದಿದರೂ ಉಕ್ಕು ಎಂದರೇನು ಎಂಬುದು ಕೈಗೆ ತಿಳಿಯುವುದಿಲ್ಲ.

ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ವಿದ್ಯಾರ್ಥಿಗಳ ಒಂದು ಪ್ರಶ್ನೆ. ದೀಪಾವಳಿ ಮುಗಿದು ಚಳಿ ಬೀಳುತ್ತಿದ್ದಂತೆ ಸ್ಕೌಟ್ ಶಿಬಿರ, ಚಾರಣ, ಹೊಲದ ಊಟ ಎಂದು ಹುಡುಗರ ತಿರುಗಾಟ ಶುರುವಾಗುತ್ತದೆ. ಆಗ ಒಬ್ಬರಲ್ಲ ಒಬ್ಬರು ಬಂದು, "ಸರ, ಹೊರಗ ಹೋಗ್ಲಾಕ ಎಂಥ ಚಾಕು ತೊಗೋಬೇಕ್ರಿ?" ಎಂದು ಕೇಳುತ್ತಾರೆ. ಬೆನ್ನಿಗೇ ಅವರ ತಂದೆತಾಯಿಗಳು ಬಂದು, "ಮಕ್ಕಳ ಕೈಯಾಗ ಚಾಕು ಕೊಡಬೇಕೇನ್ರಿ?" ಎಂದು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಜಾತ್ರೆಯಲ್ಲಿ 150 ರೂಪಾಯಿ ಕೊಟ್ಟು ಕನ್ನಡಿಯಂತೆ ಹೊಳೆಯುವ ಚಾಕು ಕೊಂಡ. ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಹಿಡಿಯೊಳಗೆ ಬೆಂಕಿಕಡ್ಡಿ ಇಡಲು ಟೊಳ್ಳು. ಒಣ ಜಾಲಿ ಕಡ್ಡಿಯೊಂದನ್ನು ಸೀಳಲು ಹೋದಾಗ ಅಲಗು ಹಿಡಿಯಿಂದ ಕಳಚಿ ಹಿಂದಕ್ಕೆ ತಿರುಗಿತು. ಅಂಗೈಗೆ ಮೂರು ಹೊಲಿಗೆ ಬಿದ್ದವು. ಅಲಗಿಗೆ ಹರಿತವೂ ಇರಲಿಲ್ಲ. ಇದ್ದಿದ್ದರೆ ಹುಡುಗ ಅಷ್ಟೊಂದು ಒತ್ತಬೇಕಾಗಿಯೇ ಇರಲಿಲ್ಲ.

ಮಡಚುವ ಚಾಕು ಜೇಬಿಗೆ ಅನುಕೂಲ, ನಿಜ. ಆದರೆ ಅದರ ಬಲವೆಲ್ಲ ಒಂದು ಸಣ್ಣ ಮೊಳೆಯ ಮೇಲೆ ನಿಂತಿರುತ್ತದೆ. ಕಡ್ಡಿ ಸೀಳುವುದು, ಗೂಟ ಚೂಪು ಮಾಡುವುದು, ಹಗ್ಗ ಕೊಯ್ಯುವುದು, ಕಬ್ಬಿನ ಸಿಪ್ಪೆ ತೆಗೆಯುವುದು, ಈ ಕೆಲಸಗಳಿಗೆ ಅಲಗು ಮತ್ತು ಹಿಡಿ ಒಂದೇ ಕಬ್ಬಿಣದ ತುಂಡಾಗಿರುವ ಮಡಚದ ಚಾಕುವೇ ಸರಿ. ಅದರಲ್ಲಿ ಮೊದಲು ನೋಡಬೇಕಾದದ್ದು ಆಕಾರವನ್ನಲ್ಲ, ಲೋಹವನ್ನು. ಆ ಲೋಹಕ್ಕೆ ಹದ ಹಾಕಿದ ಕೈಯನ್ನೂ ನೋಡಬೇಕು.

ಚಿಮ್ಮನಚೋಡದ ಈ ಕಮ್ಮಾರ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ತಂದೆಯ ಕಾಲದಲ್ಲಿ ರೊಕ್ಕದ ಲೆಕ್ಕವಿರಲಿಲ್ಲ. ವರ್ಷವಿಡೀ ಕುಡ ಹಣಿದು ಕೊಟ್ಟದ್ದಕ್ಕೆ, ಕುಡುಗೋಲಿಗೆ ಹಲ್ಲು ಹೊಡೆದದ್ದಕ್ಕೆ ರೈತರು ಸುಗ್ಗಿಯಲ್ಲಿ ಕಣದಿಂದ ಆಯ ಅಳೆದು ಕೊಡುತ್ತಿದ್ದರು. ಈಗ ತೊಗರಿ ರಾಶಿಗೆ ಯಂತ್ರ ಬರುತ್ತದೆ, ಖುರಪಿ ಸಂತೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ತಿದಿಯ ಬದಲು ಸಣ್ಣ ವಿದ್ಯುತ್ ಪಂಖ ಗಾಳಿ ಊದುತ್ತದೆ. ಅಡಿಗಲ್ಲು, ಇಕ್ಕಳ, ಸುತ್ತಿಗೆಗಳು ಮಾತ್ರ ಹಳೆಯವೇ.

ನಾವು ಹೋದ ದಿನ ಅವರು ಲಾರಿಯ ಕಮಾನು ಪಟ್ಟಿಯ ರಾಶಿಯಿಂದ ತುಂಡು ಹುಡುಕುತ್ತಿದ್ದರು. ಇಲ್ಲಿಯವರ ಬಾಯಲ್ಲಿ ಇದು 'ಪಾಟಾ'. ವಾಡಿ, ಶಹಾಬಾದ, ಸೇಡಂ ಕಡೆ ಸಿಮೆಂಟು ಮತ್ತು ಫರ್ಸಿಕಲ್ಲು ಹೊರುವ ಲಾರಿಗಳು ಓಡಾಡುವ ಸೀಮೆಯಲ್ಲಿ ಪಾಟಾಕ್ಕೆ ಬರವಿಲ್ಲ. ಒಂದೊಂದು ತುಂಡನ್ನೂ ತಂತಿಗೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಖಣ್ ಎಂದು ನಾದ ಉಳಿದರೆ ಇಟ್ಟುಕೊಳ್ಳುವುದು, ಥಪ್ ಎಂದರೆ ಆಚೆ ಎಸೆಯುವುದು. ಲಕ್ಷಾಂತರ ಸಲ ಬಾಗಿ ಏಳುವ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿರುತ್ತವೆ. ಬಿರುಕಿದ್ದರೆ ಕಂಪನ ಅಲ್ಲಿಯೇ ಅಡಗುತ್ತದೆ. ನಾನು ಇದನ್ನು ವಿದ್ಯಾರ್ಥಿಗಳಿಗೆ ವಿವರಿಸುವಷ್ಟರಲ್ಲಿ ಅವರು ಆರು ತುಂಡು ಪರೀಕ್ಷಿಸಿ ಎರಡನ್ನು ಆರಿಸಿದ್ದರು.

ಪಾಟಾ ಯಾಕೆ, ಮನೆ ಕಟ್ಟುವ ಸರಳು ಯಾಕಾಗದು? ಉತ್ತರ ಇಂಗಾಲದಲ್ಲಿದೆ. ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಎಷ್ಟು ಸೇರಿದೆ ಎಂಬುದೇ ಅದರ ಜಾತಕ. ಬಾಗಿಲಿನ ಸಲಾಕೆ, ತಗಡು, ಸಾಮಾನ್ಯ ಪಟ್ಟಿಗಳಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ. ಅವನ್ನು ಎಷ್ಟು ಕಾಸಿ ನೀರಿಗೆ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಡಸುತನ ಬರುವುದಿಲ್ಲ. ಲಾರಿ ಕಮಾನಿನ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿರುತ್ತದೆ. ಹಲವು ಬಗೆಗಳಲ್ಲಿ ಜೊತೆಗೆ ಒಂದೂವರೆ ಎರಡು ಶೇಕಡಾ ಸಿಲಿಕಾನ್ ಕೂಡ. ಕಬ್ಬಿಣ ಕೊರೆಯುವ ಅರದಲ್ಲಿ ಇಂಗಾಲ ಶೇಕಡಾ ಒಂದನ್ನು ದಾಟುತ್ತದೆ. ಬೇರಿಂಗಿನ ಉಕ್ಕಿನಲ್ಲಿ ಸುಮಾರು ಒಂದು ಶೇಕಡಾ ಇಂಗಾಲ, ಒಂದೂವರೆ ಶೇಕಡಾ ಕ್ರೋಮಿಯಂ. ಹಳೆಯ ಅರದಿಂದ ಮಾಡಿದ ಚಾಕು ಬಹುಕಾಲ ಹರಿತ ಹಿಡಿಯುತ್ತದೆ, ಆದರೆ ಹದ ತಪ್ಪಿದರೆ ಗಾಜಿನಂತೆ ಮುರಿಯುತ್ತದೆ. ಪಾಟಾದ ಚಾಕುವನ್ನು ಸ್ವಲ್ಪ ಬೇಗ ಮಸೆಯಬೇಕಾದೀತು, ಆದರೆ ಏಟು ತಾಳುತ್ತದೆ. ಹೊರಗಿನ ಕೆಲಸಕ್ಕೆ, ಅದರಲ್ಲೂ ಕಲಿಯುವ ಕೈಗೆ, ನಾನು ಪಾಟಾವನ್ನೇ ಹೇಳುತ್ತೇನೆ.

ಕುಲುಮೆಯೊಳಗೆ ಯಾವಾಗಲೂ ಅರೆಗತ್ತಲೆ. ಕಿಟಕಿ ಇಡಿಸಬಾರದೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. "ಬಣ್ಣಾ ನೋಡ್ಲಾಕ ಕತ್ತಲಿ ಬೇಕವ್ವಾ. ಬಿಸಿಲಾಗ ಕಬ್ಬಿಣ ಸುಳ್ಳ ಹೇಳ್ತದ" ಎಂದರು. ಉಷ್ಣಮಾಪಕವಿಲ್ಲದ ಅವರಿಗೆ ಬಣ್ಣವೇ ಉಷ್ಣಮಾಪಕ. ಕಾಯ್ದ ಕಬ್ಬಿಣ ಮಂಕು ಕೆಂಪಿನಿಂದ ಉಜ್ವಲ ಕೆಂಪಿಗೆ, ಅಲ್ಲಿಂದ ಕಿತ್ತಳೆಗೆ ಹೋಗುತ್ತದೆ. ಅವರು ಕಾಯುವುದು "ಹೊತ್ತು ಮೂಡೂ ಮುಂದಿನ" ಬಣ್ಣಕ್ಕೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 850 ಡಿಗ್ರಿ ಸೆಲ್ಸಿಯಸ್. ನಾನು ಜೇಬಿನಿಂದ ಅಯಸ್ಕಾಂತ ತೆಗೆದು ತಂತಿಗೆ ಕಟ್ಟಿ ಕಾಯ್ದ ಅಲಗಿನ ಹತ್ತಿರ ಹಿಡಿದೆ. ಮೊದಲು ಎಳೆಯಿತು, ಇನ್ನಷ್ಟು ಕಾಯ್ದ ಮೇಲೆ ಎಳೆಯಲಿಲ್ಲ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಅದಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿದ್ದೇವೆ ಎಂಬುದಕ್ಕೆ ಇದೇ ಸಾಕ್ಷಿ. ಕಮ್ಮಾರರು ಅಯಸ್ಕಾಂತವನ್ನು ಕುತೂಹಲದಿಂದ ನೋಡಿದರು. ಅವರ ಕಣ್ಣಿನ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ತಾಳೆಯಾದದ್ದು ಅವರಿಗೆ ಖುಷಿ ಕೊಟ್ಟಂತೆ ಕಂಡಿತು.

ಈ ಶಾಖದಲ್ಲಿ ಒಳಗೆ ಏನಾಗುತ್ತದೆ? ತಣ್ಣಗಿರುವ ಕಬ್ಬಿಣದ ಹರಳುಗಳಲ್ಲಿ ಇಂಗಾಲದ ಪರಮಾಣುಗಳಿಗೆ ಜಾಗ ತೀರ ಕಡಿಮೆ. 727 ಡಿಗ್ರಿ ದಾಟಿ ಕಾಯುತ್ತ ಹೋದಂತೆ ಉಕ್ಕಿನ ಪರಮಾಣುಗಳ ಜೋಡಣೆ ಬದಲಾಗಿ, ಇಂಗಾಲ ಅದರೊಳಗೆ ಸಕ್ಕರೆ ನೀರಿನಲ್ಲಿ ಕರಗಿದಂತೆ ಕರಗುತ್ತದೆ. ನಿಧಾನ ತಣಿಸಿದರೆ ಇಂಗಾಲ ಹೊರಬಂದು ತನ್ನ ಪಾಡಿಗೆ ಬೇರೆ ಕೂರುತ್ತದೆ, ಉಕ್ಕು ಮೆದುವಾಗುತ್ತದೆ. ತಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗುವುದಿಲ್ಲ. ಬಸ್ಸಿನ ಬಾಗಿಲು ಒಮ್ಮೆಲೇ ಮುಚ್ಚಿದಾಗ ಒಳಗೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರಂತೆ ಇಂಗಾಲದ ಪರಮಾಣುಗಳು ಹರಳನ್ನು ಎಳೆದು ಬಿಗಿ ಮಾಡುತ್ತವೆ. ಈ ಬಿಗುವೇ ಗಡಸುತನ. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬ ಲೋಹವಿಜ್ಞಾನಿಯ ನೆನಪಿಗೆ ಈ ಸ್ಥಿತಿಯನ್ನು ಮಾರ್ಟೆನ್ಸೈಟ್ ಎಂದು ಕರೆಯುತ್ತಾರೆ.

"ನೀರಾಗ ಅದ್ದಿದ್ರ ಈ ಪಾಟಾ ಚಟ್ ಅಂತ ಬಿರೀತದ್ರಿ ಮಾಸ್ತರ್ರೆ. ಎಣ್ಯಾಗೇ ಅದ್ದಬೇಕು" ಎನ್ನುತ್ತ ಅವರು ಅಲಗನ್ನು ತುದಿ ಮುಂದಾಗಿ ಎಣ್ಣೆಯ ಡಬ್ಬಿಗೆ ಇಳಿಸಿದರು. ಒಮ್ಮೆ ಬೆಂಕಿ ಎದ್ದು ಅಡಗಿತು. ನೀರು ಶಾಖವನ್ನು ಎಣ್ಣೆಗಿಂತ ಬಹಳ ವೇಗವಾಗಿ ಕಸಿದುಕೊಳ್ಳುತ್ತದೆ. ಅಲಗಿನ ಹೊರಪದರು ಕುಗ್ಗಿ, ಒಳಗಿನದು ಇನ್ನೂ ಹಿಗ್ಗಿರುವಾಗಲೇ ಬಿರುಕು ಹುಟ್ಟುತ್ತದೆ. ಕಾದ ಲಾಟೀನಿನ ಗಾಜಿನ ಮೇಲೆ ಮಳೆ ಹನಿ ಬಿದ್ದರೆ ಆಗುವುದೂ ಇದೇ ಬಗೆಯದು.

ಇಲ್ಲಿಗೆ ಕೆಲಸ ಮುಗಿಯಿತೆಂದು ಹುಡುಗರು ತಿಳಿದರು. ನಿಜಕ್ಕೂ ಚಾಕುವಿನ ಹಣೆಬರಹ ನಿರ್ಧಾರವಾಗುವುದು ಮುಂದಿನ ಹತ್ತು ನಿಮಿಷದಲ್ಲಿ. ಎಣ್ಣೆಯಿಂದ ತೆಗೆದ ಅಲಗು ಗಡಸಾಗಿದೆ, ಆದರೆ ಕೈತಪ್ಪಿ ಫರ್ಸಿಯ ಮೇಲೆ ಬಿದ್ದರೂ ತುಂಡಾದೀತು. ಕಮ್ಮಾರರು ಅದರ ಒಂದು ಮೈಯನ್ನು ಇಟ್ಟಿಗೆ ಚೂರಿನಿಂದ ಬೆಳ್ಳಗೆ ಉಜ್ಜಿ, ದಪ್ಪ ಬೆನ್ನನ್ನು ಕಾಯ್ದ ಕಬ್ಬಿಣದ ಗಟ್ಟಿಯ ಮೇಲೆ ಇಟ್ಟರು. ಬಿಳಿ ಮೈಯ ಮೇಲೆ ಬಣ್ಣದ ಅಲೆ ಬೆನ್ನಿನಿಂದ ಬಾಯಿಯ ಕಡೆಗೆ ಸರಿಯತೊಡಗಿತು. ನಸುಹಳದಿ ಎಂದರೆ ಸುಮಾರು 230 ಡಿಗ್ರಿ, ಕಂದು ಎಂದರೆ 255ರ ಆಸುಪಾಸು, ನೇರಳೆಗೆ 280, ನೀಲಿಗೆ 300. ಉಕ್ಕಿನ ಮೇಲೆ ಕಟ್ಟುವ ಆಕ್ಸೈಡಿನ ಅತಿ ತೆಳುವಾದ ಪೊರೆ ದಪ್ಪವಾದಂತೆ ಬೆಳಕು ಬೇರೆ ಬೇರೆ ಬಣ್ಣ ತೋರಿಸುತ್ತದೆ. ಮಳೆಗಾಲದ ರಸ್ತೆಯಲ್ಲಿ ಚೆಲ್ಲಿದ ಡೀಸೆಲ್ ಹಾಗೆಯೇ ಬಣ್ಣ ತೋರಿಸುವುದನ್ನು ನೀವು ನೋಡಿರುತ್ತೀರಿ. ಬೆನ್ನು ನೀಲಿಯಾಗಿ, ಬಾಯಿಗೆ ಹಳದಿಕಂದು ಮುಟ್ಟಿದ ಕೂಡಲೇ ಅಲಗನ್ನು ತೆಗೆದು ತಣಿಸಿದರು. ಬಾಯಿ ಗಡಸು, ಬೆನ್ನು ತುಸು ಮೆದು. ಏಟು ಬಿದ್ದರೆ ಬೆನ್ನು ಬಾಗಿ ಬಾಯನ್ನು ಕಾಯುತ್ತದೆ.

ಇದಕ್ಕೆ ಅವರ ಮಾತು 'ಹದ'. ಬಿತ್ತನೆಗೆ ನೆಲದ ತೇವ ಸರಿಯಿದ್ದರೂ ಹದ, ರೊಟ್ಟಿ ಹಿಟ್ಟು ಸರಿಯಾಗಿ ನಾದಿದರೂ ಹದ, ಉಕ್ಕಿಗೂ ಅದೇ. ಪಠ್ಯಪುಸ್ತಕದ ಅನುವಾದಕರು ಇಷ್ಟು ಒಳ್ಳೆಯ ಮಾತನ್ನು ಬಿಟ್ಟು ಯಾವುದೋ ಉದ್ದನೆಯ ಸಂಸ್ಕೃತ ಪದ ಹುಡುಕುವುದೇಕೋ ನನಗೆ ಅರ್ಥವಾಗಿಲ್ಲ.

ಮಾತಿನ ವಿಷಯ ಬಂದದ್ದರಿಂದ 'ಉಕ್ಕು' ಎಂಬ ನಮ್ಮ ಪದದ ದೂರದ ಪಯಣವನ್ನೂ ಹೇಳಬೇಕು. ಹದಿನೆಂಟನೆಯ ಶತಮಾನದ ಕೊನೆಗೆ ಭಾರತದಿಂದ ಲಂಡನ್ನಿಗೆ ಹೋದ ಉಕ್ಕಿನ ಗಟ್ಟಿಗಳನ್ನು ಅಲ್ಲಿಯವರು 'ವೂಟ್ಸ್' ಎಂದರು. ಇದು ಕನ್ನಡದ 'ಉಕ್ಕು' ಪದದ ಅಪಭ್ರಂಶವೆಂಬುದು ಬಹಳ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಇದರ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. 1819ರಿಂದ ಮೂರ್ನಾಲ್ಕು ವರ್ಷ ಮೈಕೇಲ್ ಫ್ಯಾರಡೆ ಇದರ ಗುಟ್ಟು ಹುಡುಕಲು ಹೆಣಗಿದ. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ. ಅವನ ತಂದೆ ಕಮ್ಮಾರ, ಈ ಕೆಲಸದಲ್ಲಿ ಅವನ ಜೊತೆಗಾರ ಸ್ಟೋಡಾರ್ಟ್ ಚಾಕು ತಯಾರಿಸುವವ.

ಆ ಉಕ್ಕು ಆಗುತ್ತಿದ್ದುದೆಲ್ಲಿ? ಒಂದು ಕಡೆ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ. 1800-01ರಲ್ಲಿ ಅಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಸಣ್ಣ ಮೂಸೆಯಲ್ಲಿ ಕಬ್ಬಿಣದ ಚೂರಿನ ಜೊತೆ ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ ಕಾಸುವುದನ್ನು ಬರೆದಿಟ್ಟಿದ್ದಾನೆ. ಕಡ್ಡಿ ಮತ್ತು ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರುತ್ತಿತ್ತು. ಅದೇ ತಂಗಡಿ ನಮ್ಮ ಚಿಂಚೋಳಿಯ ರಸ್ತೆ ಬದಿಯಲ್ಲೂ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಇನ್ನೊಂದು ಪ್ರಸಿದ್ಧ ಜಾಗ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ. ಚಿಂಚೋಳಿಯವರಿಗೆ ಅದು ಪರದೇಶವೇನಲ್ಲ. 1948ರವರೆಗೆ ಎರಡೂ ನಿಜಾಮರ ರಾಜ್ಯದಲ್ಲೇ ಇದ್ದವು, 1956ರವರೆಗೆ ಎರಡೂ ಹೈದರಾಬಾದ್ ರಾಜ್ಯದ ಊರುಗಳು. ಹೆನ್ರಿ ವಾಯ್ಸಿ ಎಂಬ ವೈದ್ಯ ಕೋನಸಮುದ್ರದಲ್ಲಿ ಕಂಡದ್ದು 1832ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಉಕ್ಕನ್ನು ಕೊಳ್ಳಲು ಪರ್ಷಿಯಾದ ವ್ಯಾಪಾರಿಗಳು ಅಷ್ಟು ದೂರ ಬರುತ್ತಿದ್ದರು. ದಮಾಸ್ಕಸ್ ಖಡ್ಗ ಎಂದು ಹೆಸರಾದ, ಮೈಮೇಲೆ ನೀರಿನ ಅಲೆಯಂಥ ಗೆರೆಗಳಿರುವ ಕತ್ತಿಗಳಿಗೆ ದಕ್ಷಿಣ ಭಾರತದ ಇಂಥ ಉಕ್ಕೇ ಹೋಗುತ್ತಿತ್ತು. ಆ ಗೆರೆಗಳಿಗೆ ಅದಿರಿನಲ್ಲಿದ್ದ ಅತಿ ಅಲ್ಪ ಪ್ರಮಾಣದ ವೆನೇಡಿಯಂನಂಥ ಧಾತುಗಳು ಕಾರಣವೆಂದು 1998ರಲ್ಲಿ ಅಮೆರಿಕದ ವೆರ್‌ಹೋವನ್ ಮತ್ತು ಸಂಗಡಿಗರು ತೋರಿಸಿದರು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಸಂಶೋಧಕರು ಅಂಥ ಒಂದು ಹಳೆಯ ಖಡ್ಗದಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು ಕಂಡರು.

ಈಗ ಅಂತರ್ಜಾಲದ ಅಂಗಡಿಗಳಲ್ಲಿ 'ದಮಾಸ್ಕಸ್ ಚಾಕು' ಎಂದು ಮಾರುವುದು ಬೇರೆ. ಅದು ಎರಡು ಬಗೆಯ ಉಕ್ಕನ್ನು ಪದರು ಪದರಾಗಿ ಬೆಸೆದು ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಅಗ್ಗದವುಗಳಲ್ಲಿ ಗೆರೆ ಬರೀ ಅಚ್ಚು. ವಿದ್ಯಾರ್ಥಿಗಳು ಅದಕ್ಕೆ ದುಡ್ಡು ಸುರಿಯಬೇಕಿಲ್ಲ.

ಸ್ಟೇನ್‌ಲೆಸ್ ಬಗ್ಗೆ ತಾಯಂದಿರು ತಪ್ಪದೆ ಕೇಳುತ್ತಾರೆ, ತುಕ್ಕು ಹಿಡಿಯುವುದಿಲ್ಲವಲ್ಲ ಎಂದು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಈ ಉಕ್ಕನ್ನು ಕಂಡುಕೊಂಡಾಗಿನಿಂದ ಅಡುಗೆಮನೆಗೆ ದೊಡ್ಡ ಉಪಕಾರವಾಗಿದೆ. ಕನಿಷ್ಠ ಶೇಕಡಾ 10.5 ಕ್ರೋಮಿಯಂ ಇದ್ದರೆ ಮೇಲೆ ಕಾಣದ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಚಾಕು ನಿಜವಾಗಿಯೂ ಒಳ್ಳೆಯದೇ. ಆದರೆ ಅದಕ್ಕೆ ಹದ ಹಾಕಲು ಸಾವಿರ ಡಿಗ್ರಿಗೂ ಮೀರಿದ, ಅಳೆದ ಶಾಖದ ಕುಲುಮೆ ಬೇಕು. ಹಳ್ಳಿಯಲ್ಲಿ ಅದು ಆಗುವುದಿಲ್ಲ. ಜಾತ್ರೆಯ ಅಗ್ಗದ ಮಾಲಿಗೆ ಯಾರೂ ಹದ ಹಾಕಿಯೇ ಇರುವುದಿಲ್ಲ. ಹೊಳಪು ಇರುತ್ತದೆ, ಹರಿತ ನಿಲ್ಲುವುದಿಲ್ಲ.

ಕೊಳ್ಳುವ ಮುನ್ನ ಪರೀಕ್ಷೆ ಹೇಗೆ? ಹೊಸ ಅರವೊಂದನ್ನು ಅಲಗಿನ ಬಾಯಿಯ ಮೇಲೆ ಹಗುರವಾಗಿ ಎಳೆಯಿರಿ. ಅರ ಜಾರಿದರೆ ಅಲಗಿಗೆ ಹದ ಹತ್ತಿದೆ. ಕಚ್ಚಿ ಪುಡಿ ಉದುರಿಸಿದರೆ ಅದು ಮೆದು ಕಬ್ಬಿಣ, ಹಿಂದಕ್ಕೆ ಕೊಡಿ. ಮಾಡಿಸುವಾಗಲೇ ಹೋಗಿದ್ದರೆ ಸಾಣೆಚಕ್ರಕ್ಕೆ ತಾಗಿಸಿ ಕಿಡಿ ನೋಡಬಹುದು. ಇಂಗಾಲ ಕಡಿಮೆಯಿದ್ದರೆ ಕಿಡಿಗಳು ಉದ್ದವಾಗಿ ನೆಟ್ಟಗೆ ಹಾರಿ ಆರುತ್ತವೆ. ಹೆಚ್ಚಿದ್ದರೆ ಸುರುಸುರುಬತ್ತಿಯಂತೆ ಕವಲೊಡೆದು ಚಿಕ್ಕ ನಕ್ಷತ್ರಗಳಾಗುತ್ತವೆ. ಹುಡುಗರಿಗೆ ಇದೇ ಎಲ್ಲಕ್ಕಿಂತ ಇಷ್ಟವಾಯಿತು. ಸರದಿಯಲ್ಲಿ ನಿಂತು ಸರಳಿನ ಚೂರು, ಪಾಟಾದ ಚೂರು, ಮುರಿದ ಅರ ಮೂರನ್ನೂ ತಾಗಿಸಿ ನೋಡಿದರು. ಕಣ್ಣಿಗೆ ಕನ್ನಡಕ ಹಾಕದೆ ಯಾರನ್ನೂ ಹತ್ತಿರ ಬಿಡಬೇಡಿ.

ಆಕಾರಕ್ಕೆ ಬಂದರೆ ನನ್ನ ಅಭಿಪ್ರಾಯ ಸರಳ. ಅಲಗು ನಾಲ್ಕು ಅಂಗುಲ, ಎಂದರೆ ಸುಮಾರು 10 ಸೆಂಟಿಮೀಟರ್. ಬೆನ್ನಿನ ದಪ್ಪ ಮೂರರಿಂದ ನಾಲ್ಕು ಮಿಲಿಮೀಟರ್. ಸಿನಿಮಾದ ಭರ್ಜಿಯಂಥ ಎರಡು ಬಾಯಿ ಬೇಡವೇ ಬೇಡ. ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತುವುದಾದರೂ ಹೇಗೆ? ಗರಗಸದ ಹಲ್ಲೂ ಬೇಡ, ಅದು ಗರಗಸದ ಕೆಲಸ ಮಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಅಂಗಡಿಯಲ್ಲಿ ಕಾಣದ ಭಾಗ, ಹಿಡಿಯೊಳಗೆ ಹೋಗುವ ಅಲಗಿನ ಬಾಲ. ಅಲಗಿನಷ್ಟೇ ಅಗಲವಾಗಿ ಹಿಡಿಯ ಕೊನೆಯವರೆಗೆ ಹೋಗಿ, ಎರಡು ಬದಿಗೂ ಮರದ ಹಲಗೆ ಕೂಡಿಸಿ, ಹಿತ್ತಾಳೆಯ ಮೊಳೆ ಬಡಿದಿದ್ದರೆ ಅದು ಮುರಿಯುವುದು ಬಹಳ ಕಷ್ಟ. ಟೊಳ್ಳು ಹಿಡಿಯ ಚಾಕುವಿನಲ್ಲಿ ಈ ಬಾಲ ಹೆಬ್ಬೆರಳಿನಷ್ಟೂ ಉದ್ದವಿರುವುದಿಲ್ಲ. ಸನ್ನೆಗೋಲಿನ ನಿಯಮ ನೆನಪಿಸಿಕೊಳ್ಳಿ. ಅಲಗಿನ ತುದಿಯಲ್ಲಿ ಹಾಕಿದ ಬಲವೆಲ್ಲ ಹಲವು ಪಟ್ಟಾಗಿ ಆ ಒಂದು ಕೀಲಿನ ಮೇಲೆ ಬೀಳುತ್ತದೆ. ಮೂರು ಹೊಲಿಗೆ ಹಾಕಿಸಿಕೊಂಡ ಹುಡುಗನಿಗೆ ಈ ನಿಯಮವನ್ನು ಮತ್ತೆ ಕಲಿಸುವ ಅಗತ್ಯ ಬೀಳಲಿಲ್ಲ.

ನಮ್ಮ ಕಮ್ಮಾರರು ಹಿಡಿಗೆ ಜಾಲಿ ಮರವನ್ನೇ ಬಳಸುತ್ತಾರೆ, ಕೊಡಲಿಯ ಕಾವಿಗೂ ಅದೇ. ಒಂದು ಚಾಕುವಿಗೆ 300 ರೂಪಾಯಿ ಕೇಳಿದರು. ಜೊತೆಗಿದ್ದ ತಂದೆಯೊಬ್ಬರು 200ಕ್ಕೆ ಚೌಕಾಶಿಗಿಳಿದರು. ಕಮ್ಮಾರರು ಸಿಟ್ಟಾಗಲಿಲ್ಲ. "ಯಜಮಾನ್ರೆ, ಮುಂಜಾನಿಂದ ಕುಂತೀರಿ. ಎಷ್ಟು ಇದ್ದಲಿ ಉರೀತು ನೋಡೀರಿ" ಎಂದಷ್ಟೇ ಹೇಳಿದರು. ಅವರು 300 ಎಣಿಸಿ ಕೊಟ್ಟರು. ಕಮ್ಮಾರರ ಮಗ ಹೈದರಾಬಾದಿನಲ್ಲಿ ಲೇತ್ ಯಂತ್ರದ ಕೆಲಸಕ್ಕಿದ್ದಾನೆ. ಪಾಟಾ ತಟ್ಟಿ ನಾದ ಕೇಳುವುದನ್ನು ಈ ಊರಿನಲ್ಲಿ ಅವರ ನಂತರ ಕಲಿತವರು ಯಾರೂ ಇಲ್ಲ.

ಮಸೆಯುವ ಬಗ್ಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಚಾಕು ಮೊಂಡಾದರೆ ಮನೆಯ ಮುಂದಿನ ಶಹಾಬಾದ ಫರ್ಸಿಯ ಮೆಟ್ಟಿಲಿಗೆ ಉಜ್ಜುವ ರೂಢಿಯಿದೆ. ಫರ್ಸಿ ಮುಖ್ಯವಾಗಿ ಸುಣ್ಣದ ಕಲ್ಲು. ಸುಣ್ಣದ ಕಲ್ಲಿನ ಖನಿಜವಾದ ಕ್ಯಾಲ್ಸೈಟಿನ ಗಡಸುತನ ಮೋಸ್ ಮಾಪಕದಲ್ಲಿ 3, ಹದ ಹಾಕಿದ ಉಕ್ಕಿನದು 6ಕ್ಕೂ ಮೇಲೆ. ಮೆದುವಾದದ್ದು ಗಡಸಾದದ್ದನ್ನು ಚೆನ್ನಾಗಿ ಸವೆಸಲಾರದು. ಸವೆಯುವುದು ಮೆಟ್ಟಿಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ಒರಟು ಇನ್ನೊಂದು ಬದಿ ನಯವಿರುವ ಕಾರ್ಬೊರಂಡಮ್ ಕಲ್ಲಿನ ಗಡಸುತನ 9ರ ಮೇಲಿದೆ. ನೀರು ಹನಿಸಿ, ಅಲಗನ್ನು ಸುಮಾರು 20 ಡಿಗ್ರಿ ವಾಲಿಸಿ ಎರಡು ಬದಿಯನ್ನೂ ಸಮನಾಗಿ ಎಳೆಯಿರಿ. ಕೋನಮಾಪಕ ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲೇ ಇದೆ.

ಇನ್ನು ತಂದೆತಾಯಿಗಳು ಗಮನವಿಟ್ಟು ಓದಬೇಕಾದ ಭಾಗ. ಚಾಕು ಕೊಂಡ ಹುಡುಗರ ಮೊದಲ ಆಸೆ ಚಂದ್ರಂಪಳ್ಳಿಯ ಕಾಡಿಗೆ ಹೋಗುವುದು. ಸುಮಾರು 135 ಚದರ ಕಿಲೋಮೀಟರಿನ ಚಿಂಚೋಳಿ ಅರಣ್ಯವನ್ನು 2010ರ ದಶಕದ ಆರಂಭದಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬಗಳಿರುವ ಕಾಡು ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಆಯುಧ ಎಂದರೆ ಬಂದೂಕು ಮಾತ್ರವಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಲ್ಲುಬಾಣ, ಬಲೆ, ಉರುಲುಗಳ ಜೊತೆ ಚಾಕುವಿನ ಹೆಸರೂ ಸ್ಪಷ್ಟವಾಗಿದೆ. ಹಣ್ಣು ಕೊಯ್ಯಲು ತಂದದ್ದು ಎಂಬ ಮಾತನ್ನು ಅರಣ್ಯ ಸಿಬ್ಬಂದಿ ನಂಬಲೂಬಹುದು, ಬಿಡಲೂಬಹುದು. ಹದಿನೈದು ವರ್ಷದ ಹುಡುಗನನ್ನು ಅಂಥ ಪರೀಕ್ಷೆಗೆ ಒಡ್ಡುವುದು ಯಾರಿಗೆ ಬೇಕು? ಕಾಡಿಗೆ ಹೋಗುವಾಗ ಚಾಕು ಮನೆಯಲ್ಲಿರಲಿ. ಅಭಯಾರಣ್ಯದಲ್ಲಿ ಕೊಯ್ಯುವ ಕಡಿಯುವ ಕೆಲಸ ನಮಗೇನೂ ಇಲ್ಲ.

ಶಸ್ತ್ರಾಸ್ತ್ರ ನಿಯಮಗಳಲ್ಲೂ ಒಂದು ಮಿತಿಯಿದೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿದ್ದು, ಮನೆಗೆಲಸ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗೆಂದು ಮಾಡಿದ್ದಲ್ಲವಾದರೆ ಅದು ಶಸ್ತ್ರವೆನಿಸುತ್ತದೆ. ನಮ್ಮ ನಾಲ್ಕು ಅಂಗುಲದ ಚಾಕು ಇದಕ್ಕಿಂತ ಎಷ್ಟೋ ಚಿಕ್ಕದು. ಹಾಗೆಂದು ಶಾಲೆಯ ಚೀಲದಲ್ಲಿ, ಜಾತ್ರೆಯಲ್ಲಿ, ಬಸ್ಸಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದಕ್ಕೆ ಅಲ್ಲ. ಶಿಬಿರಕ್ಕಾದರೆ ಒರೆಯಲ್ಲಿ ಹಾಕಿ, ಬಟ್ಟೆ ಸುತ್ತಿ, ಚೀಲದ ತಳದಲ್ಲಿಟ್ಟು, ಅಲ್ಲಿ ಶಿಕ್ಷಕರ ಕೈಗೆ ಒಪ್ಪಿಸುವುದು. ಉಳಿದ ದಿನ ಅದು ತಂದೆಯ ಅಥವಾ ತಾಯಿಯ ಕೀಲಿಯಲ್ಲಿರಲಿ. ಎಂಟನೆಯ ತರಗತಿಗಿಂತ ಚಿಕ್ಕವರಿಗೆ ದೊಡ್ಡವರು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ಕೊಡಿ. ಅಲಗು ಯಾವಾಗಲೂ ಮೈಯಿಂದ ಆಚೆಗೆ ಚಲಿಸಬೇಕು. ಇನ್ನೊಬ್ಬರಿಗೆ ಕೊಡುವಾಗ ಹಿಡಿ ಅವರ ಕಡೆಗಿರಬೇಕು.

ಹಾಗಾದರೆ ಬಳಸುವುದೆಲ್ಲಿ? ನಮ್ಮದೇ ಹೊಲದಲ್ಲಿ. ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಮನೆಮನೆಯವರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಹಸಿ ಕಡಲೆ, ಕಬ್ಬು. ಕಬ್ಬು ಸವರಲು, ನೆರಳಿನ ಚಪ್ಪರಕ್ಕೆ ಗೂಟ ಚೂಪು ಮಾಡಲು, ಹಗ್ಗ ಕತ್ತರಿಸಲು ಚಾಕು ಬೇಕೇ ಬೇಕು. ಕಳೆದ ಸಲ ಅಂದು ಸಂಜೆಯವರೆಗೆ ಕೆಲಸ ಮಾಡಿದ ಪಾಟಾದ ಚಾಕುವನ್ನು ಅರ ಹಾಕಿ ನೋಡಿದೆವು. ಬಾಯಿ ಹಾಗೆಯೇ ಗಟ್ಟಿಯಾಗಿತ್ತು. ಹಸಿ ಹುಣಸೆಕಾಯಿ ಕೊಯ್ದದ್ದರಿಂದ ಅಲಗಿನ ಮೇಲೆ ಕಪ್ಪು ಕಲೆ ಬಿದ್ದಿತ್ತು. ಹುಣಸೆಯ ಆಮ್ಲಕ್ಕೆ ಪಾಟಾದ ಉಕ್ಕು ಕಪ್ಪಾಗುವುದು ಸಹಜ, ಅದರಿಂದ ಅಪಾಯವಿಲ್ಲ. ಕೆಂಪು ತುಕ್ಕು ಮಾತ್ರ ಬರಗೊಡಬಾರದು.

ಅದಕ್ಕೆ ತೊಳೆದು, ಒರೆಸಿ, ಅಲಗಿಗೆ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ತೆಳುವಾಗಿ ಸವರಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಜಾಲಿಯ ಹಿಡಿಗೆ ಬೇರೆ ಎಣ್ಣೆ. ನಮ್ಮಲ್ಲೇ ಸಿಗುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿ ಮರದ ಮೇಲೆ ಪೊರೆ ಕಟ್ಟುತ್ತದೆ. ಹಾಗೆ ಹೀರುವಾಗ ಶಾಖವೂ ಹುಟ್ಟುತ್ತದೆ. ಆದ್ದರಿಂದ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ಅದು ತಾನಾಗಿ ಹೊತ್ತಿಕೊಂಡೀತು. ನೀರಿನಲ್ಲಿ ಅದ್ದಿ, ಹರವಿ, ಅಂಗಳದಲ್ಲಿ ಒಣಗಿಸಿ.